ರೂಟರ್ ಆಯಸ್ಸು ಬರೆಯೋರು ಯಾರು?

ಮೊದಲ ಫೋಟೋದಲ್ಲಿರೋ ಹಸಿರು ಬೋರ್ಡ್ ನಮ್ಮನೆ ಹಳೇ ರೂಟರ್‌ದು. ಸ್ಕ್ರೂ ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದೀನಿ. "ನೀನು ಬಿಕಾಂ ಅಲ್ವಾ, ನಿಂಗ್ಯಾಕೆ ಇದೆಲ್ಲ?" ಅಂತ ಹೋದ ಪೋಸ್ಟಿಗೆ ಕೆಲವರು ಕೇಳಿದ್ರಿ. ಬಿಕಾಂ ಆಗಿರೋದಕ್ಕೇ!

ಸವಕಳಿ ಲೆಕ್ಕ ನೆನಪಿದೆಯಾ? 2013ರ ಕಂಪನಿ ಕಾಯ್ದೆಯ 2ನೇ ಅನುಸೂಚಿ ಪ್ರಕಾರ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್‌ಗೆ 3 ವರ್ಷ, ಸರ್ವರ್ ಮತ್ತು ನೆಟ್‌ವರ್ಕ್‌ಗೆ 6 ವರ್ಷ ಆಯಸ್ಸು. ನಾವು ಕಣ್ಣು ಮುಚ್ಚಿ ಆ ಸಂಖ್ಯೆ ಹಾಕಿ ಉತ್ತರ ತೆಗೀತೀವಿ. ಆದ್ರೆ ನಿಮ್ಮನೆ ಗೋಡೆ ಮೇಲಿರೋ ರೂಟರ್ ಎಷ್ಟು ವರ್ಷ ಬದುಕುತ್ತೆ ಅನ್ನೋದು ಯಾವ ಅನುಸೂಚಿಯಲ್ಲೂ ಇಲ್ಲ. ಅದನ್ನ ತೀರ್ಮಾನ ಮಾಡೋದು ಒಳಗಿರೋ ಕರ್ನಲ್. ಆ ಕರ್ನಲ್‌ನಲ್ಲಿ ಏನಿರಬೇಕು, ಏನಿರಬಾರದು ಅನ್ನೋ ಪಟ್ಟಿ ದುಡ್ಡು ಕೊಟ್ಟು ತಗೊಂಡ ನಮ್ಮ ಕೈಗೂ ಸಿಗಬೇಕು ಅನ್ನೋದು ನನ್ನ ವಾದ.

ರೂಟರ್ ಅಂದ್ರೆ ಪುಟ್ಟ ಕಂಪ್ಯೂಟರ್. ಪ್ರೊಸೆಸರ್, ರ‍್ಯಾಮ್, ಫ್ಲ್ಯಾಶ್ ಎಲ್ಲ ಇದೆ. ತುಂಬಾ ರೂಟರ್‌ಗಳಲ್ಲಿ ಓಡೋದು ಲಿನಕ್ಸ್ ಕರ್ನಲ್. ನಿಮ್ಮ ಫೋನಿಂದ ಹೊರಟ ಪ್ರತಿ ಪ್ಯಾಕೆಟ್‌ನ ವಿಳಾಸ ಬದಲಾಯಿಸಿ ಹೊರಗೆ ಕಳಿಸೋದು, ಬೇಡದ್ದನ್ನ ಬಾಗಿಲಲ್ಲೇ ತಡೆಯೋದು ಕರ್ನಲ್ ಕೆಲಸ. ಅದರಲ್ಲಿ ತೂತು ಸಿಕ್ಕಿದ್ರೆ ಲಿನಕ್ಸ್ ಮಂದಿ ಮುಚ್ತಾರೆ. ಆದ್ರೆ ಕಂಪನಿ ನಿಮ್ಮ ಮಾಡೆಲ್‌ಗೆ ಅಪ್‌ಡೇಟ್ ನಿಲ್ಲಿಸಿಬಿಟ್ಟಿದ್ರೆ ಆ ರಿಪೇರಿ ನಿಮ್ಮನೆವರೆಗೆ ಬರೋದೇ ಇಲ್ಲ. ಬೋರ್ಡ್ ಗಟ್ಟಿಯಾಗೇ ಇರುತ್ತೆ, ಲೈಟ್ ಮಿನುಗ್ತಾನೇ ಇರುತ್ತೆ. ಗೋಡೆ ಭದ್ರ, ಬೀಗ ಮಾತ್ರ ಕೆಟ್ಟಿರೋ ಮನೆ ಥರ.

ಇದಕ್ಕೆ ದಾರಿ ತೆರೆದದ್ದು ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ಅನ್ನೋ ರೂಟರ್, ಆ ನೀಲಿ-ಕಪ್ಪು ಡಬ್ಬಿ. ಅದರೊಳಗೆ ಲಿನಕ್ಸ್ ಇದೆ ಅಂತ 2003ರಲ್ಲಿ ಜನ ಪತ್ತೆ ಹಚ್ಚಿದ್ರು. ಲಿನಕ್ಸ್ ಕರ್ನಲ್ ಇರೋದು ಜಿಪಿಎಲ್ 2 ಲೈಸೆನ್ಸ್ ಅಡಿ. ಅದನ್ನ ಹಾಕಿ ಮಾರಿದವರು ಸೋರ್ಸ್ ಕೋಡ್ ಕೊಡಲೇಬೇಕು. ಜೊತೆಗೇ ಕೊಡದಿದ್ರೆ, ಕೇಳಿದವರಿಗೆ ಕೊಡ್ತೀವಿ ಅಂತ ಕನಿಷ್ಠ 3 ವರ್ಷ ಚಾಲ್ತಿಯಲ್ಲಿರೋ ಲಿಖಿತ ಭರವಸೆ ಇರಬೇಕು. ಒತ್ತಡ ಬಿತ್ತು, ಕಂಪನಿ ಕೋಡ್ ಬಿಟ್ಟಿತು. ಅದರ ಮೇಲೆ 2004ರಲ್ಲಿ ಹುಟ್ಟಿದ್ದು ಓಪನ್‌ಡಬ್ಲ್ಯುಆರ್‌ಟಿ, ನಾನು ಬಳಸೋದೂ ಇದನ್ನೇ. ನೋಡಿ, ಇದೆಲ್ಲ ಶುರುವಾಗಿದ್ದು ಒಂದು ಲೈಸೆನ್ಸ್ ಕರಾರಿನಿಂದ. ಬಿಸಿನೆಸ್ ಲಾ ಪೇಪರ್ ಬೋರು ಅನ್ನೋರಿಗೆ ಹೇಳ್ತಿದ್ದೀನಿ.

ಈಗ ಎರಡನೇ ಫೋಟೋ. ನೀಲಿ ಪರದೆ, ಬೂದು ಡಬ್ಬಿ, ಎಂಬತ್ತರ ದಶಕದ ಬ್ಯಾಂಕ್ ಕಂಪ್ಯೂಟರ್ ಥರ ಇದೆಯಲ್ಲ, ಅದರ ಹೆಸರು ಮೆನುಕಾನ್ಫಿಗ್. ಸಾವಿರಾರು ಸಾಲು. ಹೆಚ್ಚಿನ ಸಾಲುಗಳ ಮುಂದೆ ಮೂರು ಆಯ್ಕೆ. ವೈ ಅಂದ್ರೆ ಕರ್ನಲ್ ಒಳಗೇ ಸೇರುತ್ತೆ. ಎಂ ಅಂದ್ರೆ ಬೇರೆ ತುಂಡಾಗಿ ಇರುತ್ತೆ, ಬೇಕಾದಾಗ ಲೋಡ್ ಆಗುತ್ತೆ. ಎನ್ ಅಂದ್ರೆ ಬೇಡ. ನನ್ನ ಬೋರ್ಡ್‌ನಲ್ಲಿ ಇರೋದು 8 ಎಂಬಿ ಫ್ಲ್ಯಾಶ್, 64 ಎಂಬಿ ರ‍್ಯಾಮ್. ನಿಮ್ಮ ಫೋನಿನ ಎರಡು-ಮೂರು ಫೋಟೋಗೇ ಆ ಫ್ಲ್ಯಾಶ್ ತುಂಬಿಹೋಗುತ್ತೆ. ಅಷ್ಟರಲ್ಲೇ ಕರ್ನಲ್, ವೈಫೈ ಡ್ರೈವರ್, ಫೈರ್‌ವಾಲ್, ಸೆಟ್ಟಿಂಗ್ಸ್ ಪುಟ ಎಲ್ಲ ಕೂರಬೇಕು. ಆದಾಯ ಇಷ್ಟೇ, ಖರ್ಚಿನ ಪಟ್ಟಿ ಉದ್ದ. ತಿಂಗಳ ಕೊನೇಲಿ ನಮ್ಮಮ್ಮ ದಿನಸಿ ಚೀಟಿ ಹಿಡ್ಕೊಂಡು ಕೂತ ಹಾಗೆ ಒಂದೊಂದೇ ಸಾಲು ಹೊಡೀತಾ ಹೋಗ್ಬೇಕು. ಸೌಂಡ್? ಸ್ಪೀಕರ್ ಇಲ್ಲ, ಎನ್. ಬ್ಲೂಟೂತ್? ಚಿಪ್ಪೇ ಇಲ್ಲ, ಎನ್. ದೋಷ ಹುಡುಕೋ ಡೀಬಗ್ ಮಾಹಿತಿ? ಜಾಗ ತಿನ್ನುತ್ತೆ, ಎನ್.

ಹುಮ್ಮಸ್ಸಲ್ಲಿ ನಾನು ಒಂದು ಎನ್ ಜಾಸ್ತಿ ಒತ್ತಿದೆ. ಪಿಪಿಪಿಒಇ ಅಂತ ಒಂದಿತ್ತು, ಏನೋ ಹಳೇ ಡಯಲಪ್ ಕಾಲದ್ದು ಇರ್ಬೇಕು ಅಂದ್ಕೊಂಡೆ. ಫ್ಲ್ಯಾಶ್ ಮಾಡಿದೆ. ಬೂಟ್ ಆಯ್ತು, ವೈಫೈ ಬಂತು, ಇಂಟರ್ನೆಟ್ ಮಾತ್ರ ಇಲ್ಲ. ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿ ಕನೆಕ್ಟ್ ಆಗೋ ನಮ್ಮನೆ ಫೈಬರ್ ಲೈನ್ ನಿಂತಿದ್ದೇ ಅದರ ಮೇಲೆ! ಅದನ್ನ ಮತ್ತೆ ಇನ್‌ಸ್ಟಾಲ್ ಮಾಡೋಣ ಅಂದ್ರೆ ಅದಕ್ಕೂ ಇಂಟರ್ನೆಟ್ ಬೇಕು. ತಂಗಿಗೆ ಅವತ್ತು ರಾತ್ರಿ ಅಸೈನ್‌ಮೆಂಟ್ ಸಬ್ಮಿಟ್ ಮಾಡೋದಿತ್ತು. ಅವಳು ಬಾಗಿಲಲ್ಲಿ ನಿಂತು ನೋಡಿದ ನೋಟ ಇಲ್ಲಿ ಬರೆಯಲ್ಲ. ನನ್ನ ಫೋನ್ ಹಾಟ್‌ಸ್ಪಾಟ್ ಅವಳಿಗೆ ಕೊಟ್ಟು, ಲ್ಯಾಪ್‌ಟಾಪಲ್ಲಿ ಮತ್ತೆ ಬಿಲ್ಡ್ ಮಾಡಿ, ಸರಿ ಹೋಗೋಷ್ಟರಲ್ಲಿ ಹನ್ನೆರಡೂವರೆ.

ಹಾಗಾಗಿ ನೀವು ಕೈ ಹಾಕೋದಾದ್ರೆ ಸೀರಿಯಲ್ ಕನ್ಸೋಲ್‌ಗೆ ಯಾವತ್ತೂ ಎನ್ ಒತ್ತಬೇಡಿ. ಬೂಟ್ ಆಗದೇ ಸತ್ತಂತೆ ಬಿದ್ದಿರೋ ಬೋರ್ಡ್‌ಗೆ ಏನಾಯ್ತು ಅಂತ ಹೇಳೋಕೆ ಇರೋ ಬಾಯಿ ಅದೊಂದೇ. ಅಥೆರಾಸ್ ಚಿಪ್ ಬೋರ್ಡ್ ಆಗಿದ್ರೆ ಎಆರ್‌ಟಿ ಅನ್ನೋ ಪಾರ್ಟಿಷನ್ ಮೊದಲು ಬ್ಯಾಕಪ್ ತಗೊಳ್ಳಿ. ಫ್ಯಾಕ್ಟರಿಯಲ್ಲಿ ಆ ಒಂದು ಬೋರ್ಡ್‌ಗೆ ಅಂತಲೇ ಅಳೆದು ಬರೆದ ವೈಫೈ ಲೆಕ್ಕ ಅದರಲ್ಲಿರುತ್ತೆ. ಪಕ್ಕದ ಮನೆ ರೂಟರ್‌ದು ತಂದು ಹಾಕಿದ್ರೆ ಸರಿಹೋಗಲ್ಲ.

ನನ್ನ ವಿರುದ್ಧದ ವಾದಗಳೂ ಗೊತ್ತು. ಸಾವಿರ ರೂಪಾಯಿ ಆಸುಪಾಸಲ್ಲಿ ಹೊಸದು ಸಿಗುವಾಗ ಈ ಗೋಳು ಯಾಕೆ ಅಂತೀರ. ಒಪ್ತೀನಿ, ಎಲ್ಲ ಬೋರ್ಡನ್ನೂ ಉಳಿಸೋಕಾಗಲ್ಲ. ಕರ್ನಲ್ ವರ್ಷ ವರ್ಷ ದಪ್ಪ ಆಗ್ತಿದೆ. 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್ ಇರೋ ರೂಟರ್‌ಗಳಿಗೆ ಓಪನ್‌ಡಬ್ಲ್ಯುಆರ್‌ಟಿ ಅಧಿಕೃತವಾಗಿ ಬಿಲ್ಡ್ ಕೊಟ್ಟಿದ್ದು 19.07ನೇ ಆವೃತ್ತಿವರೆಗೆ ಮಾತ್ರ. ಅಂಥದ್ದು ಕೈಲಿದ್ರೆ ಇ-ವೇಸ್ಟ್‌ಗೆ ಕೊಡಿ, ನಾನೇ ಹೇಳ್ತೀನಿ. ಆದ್ರೆ ಅದು ಗುಜರಿ ಅಂತ ಲೆಕ್ಕ ಹಾಕಿ ಗೊತ್ತಾಗ್ಲಿ, ಕಂಪನಿಯ ವೆಬ್‌ಸೈಟ್‌ನಲ್ಲಿ ಮಾಡೆಲ್ ಹೆಸರು ಮಾಯ ಆಯ್ತು ಅಂತ ಅಲ್ಲ. ಇನ್ನೊಂದು ವಾದ, ಜನರ ಕೈಗೆ ಬಿಟ್ರೆ ರೇಡಿಯೋ ಪವರ್ ಮಿತಿ ಮೀರಿಸ್ತಾರೆ ಅನ್ನೋದು. ಅದು ಸುಳ್ಳಲ್ಲ. ಆದ್ರೆ 2016ರಲ್ಲಿ ಇದೇ ರೇಡಿಯೋ ಮಿತಿ ವಿಷಯಕ್ಕೆ ಅಮೆರಿಕದ ಎಫ್‌ಸಿಸಿ ಟಿಪಿ-ಲಿಂಕ್‌ಗೆ 2 ಲಕ್ಷ ಡಾಲರ್ ಕಟ್ಟಿಸಿದಾಗ, ಅದೇ ಒಪ್ಪಂದದಲ್ಲಿ ಕಂಪನಿ ಹೊರಗಿನವರ ಫರ್ಮ್‌ವೇರ್‌ಗೂ ಅವಕಾಶ ಕೊಡೋ ಕಡೆ ಕೆಲಸ ಮಾಡ್ಬೇಕು ಅಂತಲೂ ಬರೆಸಿಕೊಂಡಿತು. ರೇಡಿಯೋ ಕಾಯೋ ಇಲಾಖೆಗೇ ಎರಡೂ ಒಟ್ಟಿಗೆ ಆಗುತ್ತೆ ಅನಿಸಿದೆ.

ಇವತ್ತು ನಿಮ್ಮನೆ ರೂಟರ್ ತಿರುಗಿಸಿ ಹಿಂದಿನ ಸ್ಟಿಕ್ಕರ್ ನೋಡಿ. ಮಾಡೆಲ್ ಮತ್ತು ಅದರ ಪಕ್ಕ ಸಣ್ಣಕ್ಕೆ ಬರೆದಿರೋ ವರ್ಷನ್ ಎರಡನ್ನೂ ಕಾಮೆಂಟಲ್ಲಿ ಹಾಕಿ. ವರ್ಷನ್ ಬದಲಾದ್ರೆ ಒಳಗಿನ ಚಿಪ್ಪೇ ಬೇರೆ ಇರಬಹುದು, ಬಿಡಬೇಡಿ. ಯಾವುದು ಉಳಿಯುತ್ತೆ, ಯಾವುದು ಗುಜರಿ ಅಂತ ಒಂದೊಂದೇ ನೋಡೋಣ. ಫೋಟೋನೇ ಹಾಕೋದಾದ್ರೆ ವೈಫೈ ಪಾಸ್‌ವರ್ಡ್ ಮೇಲೆ ಬೆರಳಿಡಿ, ಹೋದ ಸಲ ಒಬ್ರು ಹಾಗೇ ಹಾಕಿದ್ರು.