‘ಮನೇಲಿ ಹೇಳಿಕೊಡ್ತೀರಾ?’ ಅನ್ನೋ ಪ್ರಶ್ನೆ ಅಮ್ಮನಿಗೆ ಮಾತ್ರ ಯಾಕೆ?

ಅಕ್ಕನ ಮಗಳನ್ನು ಎಲ್‌ಕೆಜಿಗೆ ಸೇರಿಸೋಕೆ ನಾನೂ ಜೊತೆಗೆ ಹೋಗಿದ್ದೆ. ಭಾವನಿಗೆ ಅವತ್ತು ಡ್ಯೂಟಿ. ಬೆಂಗಳೂರಿನ ಒಂದು ಸಾಧಾರಣ ಖಾಸಗಿ ಶಾಲೆ. ಹೆಸರು ಬೇಡ, ಊರ ತುಂಬಾ ಅಂಥವೇ ಇವೆ. ಮೂರೂವರೆ ವರ್ಷದ ಮಗುವಿಗೆ ಕೇಳಿದ್ದು ಎರಡೇ ಪ್ರಶ್ನೆ. ಉಳಿದ ಪರೀಕ್ಷೆಯೆಲ್ಲ ಅಕ್ಕನಿಗೆ. ಎಷ್ಟು ಓದಿದ್ದೀರಿ? ಮನೆಯಲ್ಲಿ ಇಂಗ್ಲಿಷ್ ಮಾತಾಡ್ತೀರಾ? ದಿನಾ ಕೂತು ಹೇಳಿಕೊಡೋಕೆ ಟೈಮ್ ಇದೆಯಾ? ಅಕ್ಕ ಗಾರ್ಮೆಂಟ್ಸ್‌ನಲ್ಲಿ ಟೈಲರ್. “ಇಲ್ಲ ಮೇಡಂ, ಬರೋದೇ ಲೇಟಾಗುತ್ತೆ” ಅಂದಳು. “ಪೇರೆಂಟ್ಸ್ ಇನ್ವಾಲ್ವ್ ಆಗಿಲ್ಲ ಅಂದ್ರೆ ನಾವೇನೂ ಮಾಡೋಕಾಗಲ್ಲ ನೋಡಿ” ಅಂತ ಆ ಕಡೆಯಿಂದ ಉತ್ತರ. ಸೀಟು ಸಿಕ್ಕಿತು ಅನ್ನಿ, ಫೀಸು ಕಟ್ಟಿದ ಮೇಲೆ ಸಿಗದೆ ಏನು. ಆದರೆ ಬಸ್ಸಿನಲ್ಲಿ ವಾಪಸ್ ಬರುವಾಗ ಅಕ್ಕ ಒಂದು ಮಾತೂ ಆಡಲಿಲ್ಲ.

ಅದು ಅವರೆಕಾಯಿ ಕಾಲ. ರಾತ್ರಿ ಅಮ್ಮ-ಮಗಳು ಇಬ್ಬರೂ ಮೊರ ಇಟ್ಟುಕೊಂಡು ಕಾಯಿ ಸುಲಿಯೋಕೆ ಕೂತರು. ಹುಳುಕು ಒಂದು ಕಡೆ, ಬಲಿತದ್ದು ಒಂದು ಕಡೆ, ಎಳೆಯದು ಇನ್ನೊಂದು ಕಡೆ. “ಮಾಮನಿಗೆ ಮೂರು, ಅಮ್ಮಂಗೆ ಮೂರು, ನಂಗೆ... ಇನ್ನೂ ಎಷ್ಟು ಬೇಕಮ್ಮಾ?” ವಿಂಗಡಿಸೋದು, ಎಣಿಸೋದು, ಹಂಚೋದು, ಹೆಚ್ಚು-ಕಡಿಮೆ ಹೋಲಿಸೋದು. ಅಂಗನವಾಡಿಯ ‘ಚಿಲಿಪಿಲಿ’ ಚಟುವಟಿಕೆಗಳಲ್ಲೂ ಇರೋದು ಇಂಥದ್ದೇ. ದುಬಾರಿ ಮಾಂಟೆಸರಿಯಲ್ಲಿ ಮರದ ಮಣಿ ಕೊಟ್ಟು ಮಾಡಿಸೋದೂ ಇದನ್ನೇ. ಬೆಳಿಗ್ಗೆ ‘ಹೇಳಿಕೊಡೋಕೆ ಆಗಲ್ಲ’ ಅಂತ ತಲೆ ತಗ್ಗಿಸಿ ಬಂದವಳು, ರಾತ್ರಿ ತಾನು ಮಾಡ್ತಿರೋದು ಪಾಠ ಅಂತ ತಿಳಿಯದೆ ಪಾಠ ಮಾಡ್ತಿದ್ದಳು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಚೆಂದ ಕಾಣುತ್ತದೆ. ಬಡವರ ಮನೆಯಲ್ಲೂ ಕಲಿಕೆ ಇದೆ ಅಂತ ಒಂದು ರೀಲ್ ಮಾಡಬಹುದು. ಆದರೆ ಅಕ್ಕನಿಗೆ ಹೀಗೆ ಮಗಳ ಜೊತೆ ಕೂರೋಕೆ ಸಿಗೋದು ದಿನಕ್ಕೆ ಮುಕ್ಕಾಲು ಗಂಟೆ, ಅದೂ ಓಟಿ ಇಲ್ಲದ ದಿನ. ನನ್ನ ತಕರಾರು ಇರೋದು ಅಲ್ಲಿ.

ಪೋಷಕರು ತೊಡಗಿಕೊಂಡರೆ ಮಗು ಚೆನ್ನಾಗಿ ಕಲಿಯುತ್ತೆ ಅನ್ನೋದರಲ್ಲಿ ನನಗೆ ಅನುಮಾನವಿಲ್ಲ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1986-87ರಲ್ಲಿ ಶುರುವಾದ ಒಂದು ಅಧ್ಯಯನ ಇದಕ್ಕೆ ದೊಡ್ಡ ಸಾಕ್ಷಿ. ವಯಸ್ಸಿಗೆ ತಕ್ಕ ಎತ್ತರ ಬೆಳೆಯದ, ಬಡ ಕುಟುಂಬಗಳ 129 ಮಕ್ಕಳು. ಅವರಲ್ಲಿ ಕೆಲವರ ಮನೆಗೆ ಎರಡು ವರ್ಷ ಕಾಲ ವಾರಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆ ಬಂದು ತಾಯಿ-ಮಗುವಿನ ಜೊತೆ ಕೂತು ಆಡುತ್ತಿದ್ದಳು. ಹೇಗೆ ಮಾತಾಡಿಸಬೇಕು, ಬೇಡದ ಸಾಮಾನಿನಲ್ಲೇ ಆಟಿಕೆ ಹೇಗೆ ಮಾಡಬೇಕು, ಇಷ್ಟೇ. ಇಪ್ಪತ್ತು ವರ್ಷ ಕಳೆದ ಮೇಲೆ ಆ ಮಕ್ಕಳ ದುಡಿಮೆ, ಇಂಥ ಭೇಟಿ ಸಿಗದ ಮಕ್ಕಳಿಗಿಂತ ಸುಮಾರು 25% ಹೆಚ್ಚಿತ್ತು. ಫಲಿತಾಂಶ ‘ಸೈನ್ಸ್’ ಪತ್ರಿಕೆಯಲ್ಲಿ ಬಂದದ್ದು 2014ರಲ್ಲಿ. ಚಿಕ್ಕ ಅಧ್ಯಯನ, ಒಂದೇ ಊರು, ನಿಜ. ಆದರೆ ಒಂದು ಮಾತು ಗಮನಿಸಿ: ಅಲ್ಲಿ ತಾಯಂದಿರಿಗೆ ಉಪದೇಶ ಮಾಡಿ ಕೈತೊಳೆದುಕೊಳ್ಳಲಿಲ್ಲ. ಸಂಬಳ ಪಡೆಯುವ ಒಬ್ಬ ಮನುಷ್ಯಳನ್ನು ವಾರ ವಾರ ಅವರ ಮನೆ ಬಾಗಿಲಿಗೆ ಕಳಿಸಿದರು.

ಇನ್ನೊಂದು ಅಧ್ಯಯನವೂ ಇದೆ, ಪೇರೆಂಟಿಂಗ್ ಪಾಠ ಮಾಡೋರೆಲ್ಲ ಬಾಯಿಪಾಠ ಮಾಡಿರೋದು. ಅಮೆರಿಕದ ಹಾರ್ಟ್ ಮತ್ತು ರಿಸ್ಲಿ 1995ರಲ್ಲಿ ಪ್ರಕಟಿಸಿದ್ದು. ಬಡ ಮನೆಯ ಮಗು ನಾಲ್ಕು ವರ್ಷ ತುಂಬುವಷ್ಟರಲ್ಲಿ ಅನುಕೂಲಸ್ಥರ ಮಗುವಿಗಿಂತ 3 ಕೋಟಿ ಪದ ಕಡಿಮೆ ಕೇಳಿರುತ್ತೆ ಅನ್ನೋದು ಅದರ ಲೆಕ್ಕ. ಅವರು ನೋಡಿದ್ದು 42 ಕುಟುಂಬ. ಅದರಲ್ಲಿ ಸರ್ಕಾರಿ ನೆರವಿನಲ್ಲಿ ಬದುಕುತ್ತಿದ್ದ ತೀರಾ ಬಡವರು ಆರೇ ಆರು. ಮುಂದೆ 2018ರಲ್ಲಿ ಸ್ಪೆರಿ ಮತ್ತು ಸಂಗಡಿಗರು ಬೇರೆ ಬೇರೆ ಸಮುದಾಯಗಳಲ್ಲಿ ಮತ್ತೆ ಎಣಿಸಿದರು. ತಾಯಿ ಮಗುವಿಗೆ ನೇರವಾಗಿ ಆಡುವ ಮಾತನ್ನಷ್ಟೇ ಲೆಕ್ಕ ಹಾಕದೆ ಅಜ್ಜಿ, ಅಣ್ಣ-ಅಕ್ಕ, ಅಕ್ಕಪಕ್ಕದವರು ಆಡುವ ಮಾತನ್ನೂ ಸೇರಿಸಿದರೆ ಆ ಕಂದಕ ಹಾಗೆ ಉಳಿಯೋದಿಲ್ಲ ಅಂದರು. ಮಗುವಿನ ಕಣ್ಣು ನೋಡಿ ಆಡುವ ಮಾತಿಗೂ ಕಿವಿಗೆ ಬೀಳುವ ಮಾತಿಗೂ ವ್ಯತ್ಯಾಸ ಇದೆ ಅಂತ ಇದಕ್ಕೂ ಆಕ್ಷೇಪ ಬಂದಿದೆ, ಅದೂ ಸರಿಯೇ. ಆದರೆ ವಠಾರದಲ್ಲಿ ಬೆಳೆದ ನನಗೆ ಮೊದಲ ಲೆಕ್ಕ ನೋಡಿದಾಗ ನಗು ಬಂದಿತ್ತು. ನಮ್ಮಲ್ಲಿ ಪದಕ್ಕೆ ಬರ ಇರಲಿಲ್ಲ ಮಾರಾಯ್ರೆ, ಜಗಳವೇ ದಿನಕ್ಕೆ ಸಾವಿರ ಪದ ಕೊಡ್ತಿತ್ತು.

ತಮಾಷೆ ಇರಲಿ. ‘ಪೋಷಕರು’ ಅಂತ ಕನ್ನಡದಲ್ಲಿ ಲಿಂಗವಿಲ್ಲದ ಪದ ಬಳಸ್ತೀವಿ, ಆದರೆ ಅದರ ಅರ್ಥ ಅಮ್ಮ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ನೋಡಿ. 15ರಿಂದ 59 ವರ್ಷದ ಹೆಂಗಸರಲ್ಲಿ 41% ಮಂದಿ ಮನೆಯವರ ಆರೈಕೆ ಕೆಲಸ ಮಾಡ್ತಾರೆ, ಗಂಡಸರಲ್ಲಿ 21.4%. ಹಾಗೆ ಮಾಡುವವರಲ್ಲಿ ಹೆಂಗಸರು ಅದಕ್ಕೆ ಕೊಡೋದು ದಿನಕ್ಕೆ ಸುಮಾರು 140 ನಿಮಿಷ, ಗಂಡಸರು 74. ಅಡುಗೆ, ಪಾತ್ರೆ, ಬಟ್ಟೆ ಇದರಲ್ಲಿ ಸೇರಿಲ್ಲ. ಅಡ್ಮಿಷನ್ ದಿನ ಭಾವ ಎಲ್ಲಿ ಅಂತ ಶಾಲೆಯವರು ಕೇಳಲೇ ಇಲ್ಲ. ನಾನೂ ಕೇಳಲಿಲ್ಲ, ಅದನ್ನೂ ಹೇಳಿಬಿಡ್ತೀನಿ.

ಈಗ ಸಂವಿಧಾನಕ್ಕೆ ಬರೋಣ. 2002ರ 86ನೇ ತಿದ್ದುಪಡಿ ಮೂರು ಕೆಲಸ ಮಾಡಿತು. 6ರಿಂದ 14 ವರ್ಷದವರ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿತು. ಆ ವಯಸ್ಸಿನ ಮಕ್ಕಳಿಗೆ ಓದುವ ಅವಕಾಶ ಕೊಡೋದು ತಂದೆ-ತಾಯಿಯ ಮೂಲಭೂತ ಕರ್ತವ್ಯ ಅಂತ 51ಎ(ಕೆ) ಸೇರಿಸಿತು. ಆರು ವರ್ಷದೊಳಗಿನವರನ್ನು 45ನೇ ವಿಧಿಯಲ್ಲಿಟ್ಟು, ಸರ್ಕಾರ ‘ಪ್ರಯತ್ನಿಸತಕ್ಕದ್ದು’ ಅಂದಿತು. ಅಂದರೆ ನಿರ್ದೇಶಕ ತತ್ವ. ಕೋರ್ಟಿಗೆ ಹೋಗಿ ಕೊಡಿಸಿ ಅಂತ ಕೇಳೋಕಾಗಲ್ಲ. ಮಿದುಳು ಅತ್ಯಂತ ವೇಗವಾಗಿ ಬೆಳೆಯೋ ವರ್ಷಗಳೇ ಹಕ್ಕಿನ ಆಚೆ ಉಳಿದುಹೋದವು. ಶಾಲಾ ಪ್ರವೇಶಕ್ಕೆ ಮಗುವನ್ನಾಗಲೀ ಪೋಷಕರನ್ನಾಗಲೀ ಪರೀಕ್ಷೆ ಮಾಡಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತೆ. ಆದರೆ ಆ ಕಾಯ್ದೆಯ ಮಗು ಅಂದರೆ ಆರು ತುಂಬಿದ ಮಗು. ನರ್ಸರಿ, ಎಲ್‌ಕೆಜಿ ಬಾಗಿಲಲ್ಲಿ ಸಂದರ್ಶನ ನಡೆಸುವವರಿಗೆ ಈ ಸಂದಿಯೇ ಸಾಕು.

ಸಂದಿ ತುಂಬಬೇಕಾದದ್ದು ಅಂಗನವಾಡಿ. ಐಸಿಡಿಎಸ್ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು, ನಮ್ಮ ರಾಜ್ಯದಲ್ಲಿ ಮೊದಲು ತಿ. ನರಸೀಪುರದಲ್ಲಿ. ಐವತ್ತು ವರ್ಷ ಆಯ್ತು. ಪ್ರತಿ ಕೇಂದ್ರಕ್ಕೆ ಪೋಷಕರಿರುವ ಬಾಲವಿಕಾಸ ಸಮಿತಿ ಇದೆ, ತಾಯಂದಿರ ಸಭೆ ಇದೆ. ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳಿಗಾಗಿ ಕೇಂದ್ರ 2024ರಲ್ಲಿ ತಂದ ‘ನವಚೇತನಾ’ ಚೌಕಟ್ಟೂ ಮನೆ ಭೇಟಿಯ ಬಗ್ಗೆ ಮಾತಾಡುತ್ತೆ. ಕಾಗದದ ಮೇಲೆ ಕಿಂಗ್‌ಸ್ಟನ್ ನಮ್ಮಲ್ಲೂ ಇದೆ ಅನ್ನಿ. ಆದರೆ ಆ ಭೇಟಿ ಮಾಡಬೇಕಾದವಳು ಮೊಟ್ಟೆ-ಹಾಲಿನ ಲೆಕ್ಕ, ತೂಕದ ಲೆಕ್ಕ, ಸರ್ವೆ, ಚುನಾವಣೆ ಕೆಲಸ, ಪೋಷಣ್ ಟ್ರ್ಯಾಕರ್ ಆ್ಯಪ್ ಎಲ್ಲ ಮುಗಿಸಿ ಹೋಗಬೇಕು. ಅವಳಿಗೆ ಸಿಗೋದು ಸಂಬಳ ಅಲ್ಲ, ಗೌರವಧನ. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ-ಯುಕೆಜಿ ತೆರೆದರೆ ಅಂಗನವಾಡಿ ಖಾಲಿಯಾಗುತ್ತೆ ಅಂತ ಈ ಹೆಂಗಸರು 2024ರಲ್ಲಿ ಬೀದಿಗಿಳಿದರು. ಆಮೇಲೆ ಕೆಲವು ಅಂಗನವಾಡಿಗಳಿಗೆ ‘ಸರ್ಕಾರಿ ಮಾಂಟೆಸರಿ’ ಅನ್ನೋ ಬೋರ್ಡು ಬಂತು. ಬೋರ್ಡು ಬದಲಾದರೆ ಅಕ್ಕನ ಸಮಸ್ಯೆ ಹೋಗಲ್ಲ. ಅವಳ ಬೀದಿಯ ಅಂಗನವಾಡಿ ನಾಲ್ಕಕ್ಕೆ ಮುಚ್ಚುತ್ತೆ, ಅವಳ ಶಿಫ್ಟ್ ಮುಗಿಯೋದು ಐದೂವರೆಗೆ. ಖಾಸಗಿ ಶಾಲೆಗೆ ಸಾಲ ಮಾಡಿ ಸೇರಿಸಿದ್ದಕ್ಕೆ ಇಂಗ್ಲಿಷ್ ಒಂದೇ ಕಾರಣ ಅಲ್ಲ, ಅಲ್ಲಿ ಡೇ-ಕೇರ್ ಇತ್ತು.

ಹಾಗಂತ ಪೋಷಕರ ದನಿ ಸರ್ಕಾರಕ್ಕೆ ಕೇಳಿಸೋದೇ ಇಲ್ಲ ಅಂತಲ್ಲ. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು ಅನ್ನೋ ನಿಯಮವನ್ನು 2025-26ಕ್ಕೆ ಸಡಿಲಿಸಿ, ಯುಕೆಜಿ ಮುಗಿಸಿದ್ದರೆ ಐದು ವರ್ಷ ಐದು ತಿಂಗಳು ಸಾಕು ಅಂದರು. ಅದು ಪೋಷಕರ ಒತ್ತಡದಿಂದಲೇ ಆದದ್ದು. ವಾಟ್ಸಾಪ್ ಗ್ರೂಪು, ಮನವಿ ಪತ್ರ, ಸಚಿವರ ಭೇಟಿ. ಅವರ ಆತಂಕ ಸುಳ್ಳಲ್ಲ, ಒಂದು ವರ್ಷದ ಫೀಸು ಸಣ್ಣ ಮೊತ್ತವೂ ಅಲ್ಲ. ಆದರೆ ಯಾದಗಿರಿಯ ತಾಂಡಾದಲ್ಲಿ ಅಜ್ಜಿಯ ಹತ್ತಿರ ಮಗು ಬಿಟ್ಟು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದವರಿಗೆ ಇಂಥ ಗ್ರೂಪು ಇಲ್ಲ. ಆ ಅಜ್ಜಿ ಹೇಳುವ ಲಂಬಾಣಿ ಕಥೆಯನ್ನು ‘ಪೋಷಕರ ತೊಡಗಿಕೊಳ್ಳುವಿಕೆ’ ಅಂತ ಬರೆದುಕೊಳ್ಳುವ ಕಾಲಂ ಯಾವ ರಿಜಿಸ್ಟರಿನಲ್ಲೂ ನಾನು ನೋಡಿಲ್ಲ.

ಕಾನೂನು ಇಲ್ಲ ಅಂತೇನಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಶಿಶುಪಾಲನಾ ಕೊಠಡಿಯ ಮಾತಿತ್ತು. 50 ಮಹಿಳೆಯರು ಅಂತಿದ್ದ ಮಿತಿಯನ್ನು ಮುಂದೆ 30ಕ್ಕೆ ಇಳಿಸಿದರು. ಹೊಸ ಕಾರ್ಮಿಕ ಸಂಹಿತೆ ಹೆಂಗಸರ ಲೆಕ್ಕ ಬಿಟ್ಟು 50 ಕಾರ್ಮಿಕರ ಲೆಕ್ಕ ಹಿಡಿದಿದೆ, ಮಗು ಅಪ್ಪನದ್ದೂ ಹೌದು ಅಂತ ಒಪ್ಪಿಕೊಂಡ ಹಾಗೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೂ ಇತ್ತು. ಹಳ್ಳಿಗಳಿಗೆ ಅಂತ ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಘೋಷಿಸಿತು, ನರೇಗಾ ಕೂಲಿಗೆ ಹೋಗುವವರ ಪುಟ್ಟ ಮಕ್ಕಳಿಗಾಗಿ. ಗ್ಯಾರಂಟಿಗಳ ಗದ್ದಲದಲ್ಲಿ ಇದರ ಬಗ್ಗೆ ನಾವು, ಅಂದರೆ ದಿನಾ ರಾಜಕೀಯ ಬರೆಯೋರು, ಎಷ್ಟು ಬರೆದಿದ್ದೇವೆ? ನಗರದ ಗಾರ್ಮೆಂಟ್ಸ್ ಪ್ರದೇಶಗಳಿಗೆ, ಶಿಫ್ಟ್ ಮುಗಿಯುವವರೆಗೆ ತೆರೆದಿರುವ ಅಂಥದ್ದೊಂದು ಮನೆ ಯಾಕಿಲ್ಲ ಅಂತ ಯಾವ ಪ್ರಣಾಳಿಕೆಯನ್ನು ಹಿಡಿದು ಪ್ರಶ್ನೆ ಮಾಡಿದ್ದೇವೆ?

ಅಕ್ಕನ ಫ್ಯಾಕ್ಟರಿಯಲ್ಲಿ ಕೊಠಡಿ ಇದೆ, ತೊಟ್ಟಿಲೂ ಇದೆ. ಯಾಕೆ ಕರ್ಕೊಂಡು ಹೋಗಲಿಲ್ಲ ಅಂತ ಕೇಳಿದ್ದೆ. “ಟೆಂಪೋದಲ್ಲಿ ನಾವೇ ಒಂಟಿ ಕಾಲಲ್ಲಿ ನಿಂತು ಹೋಗ್ತೀವಿ ಕಣೋ, ಅವಳನ್ನ ಎಲ್ಲಿ ಇಟ್ಕೊಳ್ಲಿ?” ಅಂದಳು.

ಈ ತಿಂಗಳ ಪೇರೆಂಟ್ಸ್ ಮೀಟಿಂಗ್ ಶನಿವಾರ ಬೆಳಿಗ್ಗೆ ಹತ್ತಕ್ಕೆ. ಗಾರ್ಮೆಂಟ್ಸ್‌ಗೆ ಶನಿವಾರ ರಜೆ ಇಲ್ಲ. ಈ ಸಲ ಭಾವ ಅರ್ಧ ದಿನ ರಜೆ ಹಾಕಿ ಹೋಗ್ತಿದ್ದಾನೆ.