ಗಣಕಗಳ ಗಡಿಯಾರವೂ ನಮ್ಮ ಪಾಠಪಟ್ಟಿಯೂ

ಭೌತಶಾಸ್ತ್ರದಲ್ಲಿ ಬಿ.ಎಸ್‌ಸಿ. ಮುಗಿಸಿ ಗಣಕವಿಜ್ಞಾನದ ಸ್ನಾತಕೋತ್ತರ ತರಗತಿಗೆ ಸೇರಿದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಕಳೆದ ರಜೆಯಲ್ಲಿ ನಮ್ಮನ್ನು ಕಾಣಲು ಬಂದಿದ್ದನು. ವಿತರಿತ ಆಪರೇಟಿಂಗ್ ಸಿಸ್ಟಮ್‌ಗಳನ್ನು ಕುರಿತ ಪಾಠಕ್ರಮದಲ್ಲಿ ಅವರು ಮೊದಲು ಓದಿದ ಪ್ರಬಂಧವೇ ಕಾಲವನ್ನು ಕುರಿತದ್ದಂತೆ. ಅದನ್ನು ವಿವರಿಸಿ, "ಸಾರ್, ಇದು ಸಾಪೇಕ್ಷತಾವಾದವೇ ಅಲ್ಲವೆ? ಇದನ್ನು ತಾವು ನಮಗೆ ಆಗಲೇ ಏಕೆ ಹೇಳಲಿಲ್ಲ?" ಎಂದು ಕೇಳಿದನು. ನಮ್ಮಲ್ಲಿ ಉತ್ತರವಿರಲಿಲ್ಲ. ಲಾರೆಂಟ್ಸ್ ಸಮೀಕರಣಗಳನ್ನು ಕರಿಹಲಗೆಯ ಮೇಲೆ ಸಾಧಿಸಿ, ಪರೀಕ್ಷೆಗೆ ಬರಬಹುದಾದ ಎರಡು ಲೆಕ್ಕಗಳನ್ನು ಮಾಡಿಸಿ ಮುಂದಕ್ಕೆ ಸಾಗಿದವರು ನಾವು.

ಗಣಕದೊಳಗೆ ಹಲವು ಕೆಲಸಗಳು ಒಟ್ಟಿಗೆ ನಡೆಯುವಾಗ ಯಾವುದಕ್ಕೆ ಯಾವಾಗ ಸರದಿ, ಯಾವುದಕ್ಕೆ ಎಷ್ಟು ಸ್ಥಳ ಎಂದು ನಿರ್ಣಯಿಸುವ ಆಡಳಿತಕ್ರಮವೇ ಆಪರೇಟಿಂಗ್ ಸಿಸ್ಟಮ್. ಯಂತ್ರವು ಒಂದೇ ಆದರೆ ಈ ಆಡಳಿತವು ಹೇಗೋ ಸಾಗುತ್ತದೆ. ಆದರೆ ಬೇರೆ ಬೇರೆ ನಗರಗಳಲ್ಲಿರುವ ಸಾವಿರಾರು ಗಣಕಗಳು ಹೊರಗಿನವರಿಗೆ ಒಂದೇ ಯಂತ್ರವೆಂಬಂತೆ ತೋರಬೇಕಾದರೆ? ಒಂದೇ ಬ್ಯಾಂಕ್ ಖಾತೆಯಿಂದ ಇಬ್ಬರು ಎರಡು ಊರುಗಳಲ್ಲಿ ಹಣ ತೆಗೆಯಹೊರಟರೆ ಮೊದಲು ಬಂದವರು ಯಾರು?

ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು ಚಲಿಸುತ್ತದೆ. ೨,೦೦೦ ಕಿಲೋಮೀಟರು ದೂರದ ಗಣಕಕ್ಕೆ ಸುದ್ದಿ ಮುಟ್ಟಲು ಸೆಕೆಂಡಿನ ನೂರರಲ್ಲಿ ಒಂದು ಪಾಲಾದರೂ ಬೇಕು. ನಮಗೆ ಅದು ಎವೆಯಿಕ್ಕುವಷ್ಟೂ ಅಲ್ಲ. ಸೆಕೆಂಡಿಗೆ ೩೦೦ ಕೋಟಿ ಬಾರಿ ಮಿಡಿಯುವ ಗಣಕಕ್ಕಾದರೋ ೩ ಕೋಟಿ ಮಿಡಿತಗಳ ದೀರ್ಘಕಾಲ. ದೂರದಲ್ಲಿ 'ಈಗ' ಏನಾಗುತ್ತಿದೆ ಎಂಬುದನ್ನು ಯಾವ ಗಣಕವೂ ತಿಳಿಯಲಾರದು.

೧೯೭೮ರಲ್ಲಿ ಅಮೆರಿಕದ ಲೆಸ್ಲಿ ಲ್ಯಾಂಪೋರ್ಟ್ ಈ ಕಷ್ಟವನ್ನೇ ಆಧಾರವಾಗಿ ಹಿಡಿದರು. ನಮ್ಮ ವಿದ್ಯಾರ್ಥಿಯು ಓದಿದ್ದು ಅವರ ಪ್ರಬಂಧವನ್ನೇ. ಕಚೇರಿಯ ಆವಕ-ಜಾವಕ ಪುಸ್ತಕವನ್ನು ನೋಡಿದವರಿಗೆ ಅವರ ಉಪಾಯವು ಸುಲಭವಾಗಿ ತಿಳಿದೀತು. ಪ್ರತಿಯೊಂದು ಗಣಕವೂ ತನ್ನಲ್ಲಿ ನಡೆದ ಘಟನೆಗಳಿಗೆ ಕ್ರಮಸಂಖ್ಯೆ ಕೊಡುತ್ತ ಹೋಗುವುದು. ಕಳುಹಿಸುವ ಪತ್ರದ ಮೇಲೆ ಆ ಸಂಖ್ಯೆಯನ್ನು ಬರೆಯುವುದು. ಪಡೆದ ಗಣಕವು ತನ್ನ ಸಂಖ್ಯೆಯನ್ನು ಅದಕ್ಕಿಂತ ಮುಂದಕ್ಕೆ ಸರಿಸಿಕೊಳ್ಳುವುದು. ಪತ್ರವನ್ನು ಕಳುಹಿಸಿದ ಮೇಲೆಯೇ ಅದು ತಲುಪಬೇಕಷ್ಟೆ. ಗೋಡೆಯ ಗಡಿಯಾರಗಳು ಏನೇ ಹೇಳಲಿ, ಆ ಕ್ರಮ ತಪ್ಪಲಾರದು. ನಡುವೆ ಯಾವ ಸುದ್ದಿಯೂ ಹಾಯದ ಎರಡು ಘಟನೆಗಳಲ್ಲಿ ಯಾವುದು ಮೊದಲು ಎಂಬ ಪ್ರಶ್ನೆಗೇ ಉತ್ತರವಿಲ್ಲ. ಎಲ್ಲರೂ ಒಪ್ಪಿದ ನಿಯಮವೊಂದರಿಂದ ಒಂದನ್ನು ಮುಂದಿಟ್ಟುಕೊಳ್ಳಬೇಕು, ಅಷ್ಟೆ. ಐನ್‌ಸ್ಟೈನರ ಬೆಳಕಿನ ಸಂಕೇತದ ಸ್ಥಾನದಲ್ಲಿ ಇಲ್ಲಿ ಪತ್ರವಿದೆ. ವಿಶೇಷ ಸಾಪೇಕ್ಷತೆಯ ತಿಳಿವಳಿಕೆಯೇ ತಮಗೆ ದಾರಿ ತೋರಿತೆಂದು ಲ್ಯಾಂಪೋರ್ಟರೇ ಹೇಳಿದ್ದಾರೆ. ಮುಂದೆ ೨೦೧೩ರ ಟ್ಯೂರಿಂಗ್ ಪಾರಿತೋಷಕವು ಅವರಿಗೆ ಸಂದಿತು.

ಇನ್ನೊಂದು ಉದಾಹರಣೆಯಂತೂ ನಮ್ಮ ಪ್ರಯೋಗಶಾಲೆಗೇ ಸೇರಿದ್ದು. ಗೂಗಲ್ ಸಂಸ್ಥೆಯವರು ೨೦೧೨ರಲ್ಲಿ ವರ್ಣಿಸಿದ 'ಸ್ಪ್ಯಾನರ್' ಎಂಬ ವ್ಯವಸ್ಥೆಯಲ್ಲಿ, ವೇಳೆ ಎಷ್ಟೆಂದು ಕೇಳಿದರೆ ಗಡಿಯಾರವು ಒಂದು ಸಂಖ್ಯೆಯನ್ನು ಹೇಳುವುದಿಲ್ಲ; 'ಇಷ್ಟರಿಂದ ಇಷ್ಟರೊಳಗೆ' ಎನ್ನುತ್ತದೆ. ಗಣಕದ ಗಡಿಯಾರವು ಸೆಕೆಂಡಿಗೆ ೨೦೦ ಮೈಕ್ರೋಸೆಕೆಂಡು ತಪ್ಪಬಹುದೆಂದು ಎಣಿಸಿ, ೩೦ ಸೆಕೆಂಡಿಗೊಮ್ಮೆ ಪರಮಾಣು ಗಡಿಯಾರ ಅಥವಾ ಉಪಗ್ರಹದ ಸಂಕೇತವನ್ನು ನಂಬಿದ ಗಡಿಯಾರಗಳೊಡನೆ ಆಗ ತಾಳೆನೋಡುತ್ತಿದ್ದರು. ೩೦ನ್ನು ೨೦೦ರಿಂದ ಗುಣಿಸಿರಿ: ೬ ಮಿಲಿಸೆಕೆಂಡು. ಸುದ್ದಿ ಸಾಗುವ ವಿಳಂಬಕ್ಕೆಂದು ಇನ್ನೊಂದು ಸೇರಿ ೭. ತಪ್ಪಿನ ಆ ಅವಧಿಯು ಕಳೆಯುವವರೆಗೆ ಯಂತ್ರವು ಕಾದಿದ್ದು, ಅನಂತರವೇ 'ಆಯಿತು' ಎಂದು ಉತ್ತರ ಕೊಡುತ್ತದೆ. ವರ್ನಿಯರ್ ಮಾಪಕದ ಪ್ರಯೋಗದಲ್ಲಿ ದೋಷಾವಕಾಶದ ಅಂಕಣವನ್ನು ಪಕ್ಕದವನ ಪುಸ್ತಕದಿಂದ ಇಳಿಸಿಕೊಳ್ಳುವ ವಿದ್ಯಾರ್ಥಿಮಿತ್ರರು ಇದನ್ನು ಗಮನಿಸಬೇಕು! (ನಾವೂ ಇಳಿಸಿಕೊಂಡವರೇ ಎಂಬುದನ್ನು ಮುಚ್ಚಿಡುವುದಿಲ್ಲ.)

ಇಂಥ ವಿಷಯವು ಗಣಕವಿಜ್ಞಾನದ ಸ್ನಾತಕೋತ್ತರ ತರಗತಿಯ ಬೇಲಿಯೊಳಗೇ ಉಳಿಯುವುದು ನ್ಯಾಯವಲ್ಲವೆಂಬುದು ನಮ್ಮ ಅಭಿಪ್ರಾಯ. ಭೌತಶಾಸ್ತ್ರವನ್ನು ಕಲಿತು ಪ್ರಯೋಜನವೇನು, ಕೆಲಸವೆಲ್ಲ ಗಣಕದಲ್ಲಿದೆ ಎಂದು ಪ್ರತಿ ವರ್ಷವೂ ನಮ್ಮನ್ನು ತೊರೆಯುವ ಹುಡುಗ ಹುಡುಗಿಯರು, ತಾವು ಏನನ್ನು ಬಿಟ್ಟು ಹೋಗುತ್ತಿದ್ದೇವೆಂದು ಅರಿಯದೆಯೇ ಹೋಗುತ್ತಾರೆ. ಅವರಿಗೆ ತಿಳಿಸದ ತಪ್ಪು ನಮ್ಮದು. ಪಾಠಪಟ್ಟಿಯು ಈಗಾಗಲೇ ಭಾರವಾಗಿದೆ, ಪರೀಕ್ಷೆಗೆ ಬಾರದುದನ್ನು ಯಾರು ಕೇಳುತ್ತಾರೆ ಎಂದು ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಹೇಳಿದರು. ಭಾರದ ಮಾತು ನಿಜ. ಆದರೆ ಲ್ಯಾಂಪೋರ್ಟರ ಪ್ರಬಂಧದ ಮೊದಲ ಭಾಗಕ್ಕೆ ಬೇಕಾದ ಗಣಿತವು ಪ್ರೌಢಶಾಲೆಯ ಸಂಖ್ಯಾಜ್ಞಾನಕ್ಕಿಂತ ಹೆಚ್ಚಿನದೇನಲ್ಲ. ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಇಂಥ ಪಾಠಕ್ರಮದಲ್ಲಿ ವಿದ್ಯಾರ್ಥಿಗಳು ಮೂಲ ಪ್ರಬಂಧಗಳನ್ನೇ ಓದಿ, ವ್ಯವಸ್ಥೆಯನ್ನು ತಾವೇ ಕಟ್ಟುತ್ತಾರೆ. ಅಲ್ಲಿನ ಉಪನ್ಯಾಸಗಳೂ ಅಭ್ಯಾಸಗಳೂ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿವೆ.

ಈ ವರ್ಷ ಸಾಪೇಕ್ಷತೆಯ ಪಾಠದಲ್ಲಿ ಎರಡು ತಾಸುಗಳನ್ನು ಇದಕ್ಕೆಂದು ಮೀಸಲಿಟ್ಟಿದ್ದೇವೆ. ಒಂದು ತಾಸಿನ ಪಾಠವನ್ನು ಆ ಹಳೆಯ ವಿದ್ಯಾರ್ಥಿಯೇ ಬಂದು ಹೇಳಲು ಒಪ್ಪಿದ್ದಾನೆ.