ಬೊಂಬೆಮನೆಗೆ ಬಂದ ವಿಘ್ನ

ಹೋದ ತಿಂಗಳು ಉಪ್ಪಿನಕಾಯಿಯ ಜಾಡಿಗೆ ಬೂಷ್ಟು ಹಿಡಿಯುವ ಕಾರಣವನ್ನು ಕುರಿತು ನಾವು ಬರೆದುದನ್ನು ಓದಿದ ವಾಚಕರು, ಈ ತಿಂಗಳು ಕಂಪ್ಯೂಟರಿನ ಆಟವೊಂದರ ವಿಷಯವನ್ನು ಎತ್ತಿಕೊಂಡಿರುವುದನ್ನು ಕಂಡು, ಮೇಷ್ಟರಿಗೆ ಅರವತ್ತರ ಅರಳುಮರಳು ತೊಡಗಿತೆಂದು ನಗಬಹುದು. ನಗಲಿ. ಈಗ ಅನೇಕ ಮನೆಗಳಲ್ಲಿ ಮಕ್ಕಳು ಆ ಯಂತ್ರದೊಳಗೆ ಇನ್ನೊಂದು ಮನೆಯನ್ನು ಕಟ್ಟಿಕೊಂಡಿರುತ್ತಾರೆ. ಆ ಮನೆ ಕುಸಿದರೆ ಈ ಮನೆಯಲ್ಲಿ ಊಟ ಬಿಡುತ್ತಾರೆ. ಆದಕಾರಣ ಇದೂ ಗೃಹಕೃತ್ಯಕ್ಕೆ ಸೇರಿದ ವಿಷಯವೆಂದೇ ನಮ್ಮ ಮತ.

ನಮ್ಮ ತಮ್ಮನ ಮಗಳು, ಕಾಲೇಜಿನಲ್ಲಿ ಓದುತ್ತಿರತಕ್ಕವಳು, ನವರಾತ್ರಿಯ ರಜಕ್ಕೆ ಮೈಸೂರಿಗೆ ನಮ್ಮಲ್ಲಿಗೆ ಬಂದಿದ್ದಳು. ಎರಡನೆಯ ದಿನದ ರಾತ್ರಿ, ಬೊಂಬೆಗಳಿಗೆ ಆರತಿಯಾಗಿ ಎಲ್ಲರೂ ಊಟಕ್ಕೇಳುವ ಹೊತ್ತಿನಲ್ಲಿ, ಲ್ಯಾಪ್‌ಟಾಪನ್ನು ಎದೆಗವುಚಿಕೊಂಡು ಬಂದು, "ದೊಡ್ಡಪ್ಪ, ಅಜ್ಜಿ ಮನೆ ತೆರೀತಾನೇ ಇಲ್ಲ" ಎಂದಳು. ಕಣ್ಣಿನಲ್ಲಿ ನೀರಿತ್ತು.

ಅಜ್ಜಿಯೆಂದರೆ ನಮ್ಮ ತಾಯಿಯವರು. ಅವರು ಗತಿಸಿ ಆರು ವರ್ಷಗಳಾದುವು. ಹಳ್ಳಿಯ ತೊಟ್ಟಿಯ ಮನೆಯನ್ನು ಆ ಬಳಿಕ ಮಾರಿದುದಾಯಿತು. ಕೊಂಡವರು ಕೆಡವಿ ತಾರಸಿ ಕಟ್ಟಿದರು. ಮದುವೆ ಮುಂಜಿಗಳಲ್ಲಿ ತೆಗೆಸಿದ ಪಟಗಳಲ್ಲಿ ಜನರ ತಲೆಗಳ ನಡುವೆ ಅಲ್ಲೊಂದು ಕಂಬ, ಇಲ್ಲೊಂದು ಗೂಡು ಕಾಣುವುದನ್ನುಳಿದು ಆ ಮನೆಯ ಗುರುತು ನಮ್ಮಲ್ಲಿ ಏನೂ ಇಲ್ಲ. ಈ ಹುಡುಗಿ, ಯಾರಿಗೂ ಹೇಳದೆ, ಎಂಟು ತಿಂಗಳ ಕಾಲ ತನ್ನ ನೆನಪೊಂದನ್ನೇ ಆಧಾರವಾಗಿಟ್ಟುಕೊಂಡು ಆ ಮನೆಯನ್ನೂ ಅದರೊಳಗೆ ಅಜ್ಜಿಯನ್ನೂ ಆಟದಲ್ಲಿ ನಿರ್ಮಿಸಿದ್ದಳಂತೆ. ಈಗ ಮನೆಯನ್ನು ತೆರೆಯಹೋದರೆ, ಅರ್ಧ ನಿಮಿಷ ಚಕ್ರ ತಿರುಗಿ, ಆಟವೇ ಥಟ್ಟನೆ ಮುಚ್ಚಿಕೊಂಡುಬಿಡುತ್ತದೆ.

ಈ ಆಟಕ್ಕೆ 'ದಿ ಸಿಮ್ಸ್ 4' ಎಂದು ಹೆಸರು. ಇದರ ಮೂಲಪುರುಷನು ವಿಲ್ ರೈಟ್ ಎಂಬ ಅಮೆರಿಕದವನು. 1991ನೆಯ ಇಸವಿಯಲ್ಲಿ ಕ್ಯಾಲಿಫೋರ್ನಿಯದ ಓಕ್‌ಲೆಂಡಿನಲ್ಲಿ ಎದ್ದ ಮಹಾಗ್ನಿಯಲ್ಲಿ ಈತನ ಮನೆ ಸುಟ್ಟುಹೋಯಿತು. ಬದುಕಿಗೆ ಬೇಕಾದ ಪದಾರ್ಥಗಳನ್ನು ಒಂದೊಂದಾಗಿ ಮತ್ತೆ ಕೂಡಿಸಿಕೊಳ್ಳುವಾಗ ಆತನಿಗೆ ಹುಟ್ಟಿದ ಯೋಚನೆಯೂ ಸೇರಿ 2000ದಲ್ಲಿ ಮೊದಲನೆಯ 'ಸಿಮ್ಸ್' ಹೊರಬಂದಿತು. ನಾಲ್ಕನೆಯದು 2014ರಲ್ಲಿ ಬಂದು, 2022ರಿಂದ ಅದರ ಮೂಲಭಾಗವು ಬಿಟ್ಟಿಯಾಗಿ ದೊರೆಯುತ್ತಿದೆ. ಗೆಲ್ಲುವುದು, ಸೋಲುವುದು ಎಂಬುದು ಇದರಲ್ಲಿಲ್ಲ. ಮನೆ ಕಟ್ಟುವುದು, ಒಳಗಣ ಜನರಿಗೆ ಉಡಿಸುವುದು, ಉಣಿಸುವುದು, ಮಲಗಿಸುವುದು, ಇಷ್ಟೇ. ಪಟ್ಟದ ಬೊಂಬೆಗಳನ್ನು ಕೂರಿಸುವ ಊರಿನಲ್ಲಿ ಹುಟ್ಟಿದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಆಟದೊಡನೆ ಬರುವ ಉಡಿಗೆತೊಡಿಗೆಗಳಲ್ಲಿ ನಮ್ಮ ತಾಯಿಯವರು ಉಡುತ್ತಿದ್ದ ಕಚ್ಚೆಯ ಸೀರೆ ಹುಡುಗಿಗೆ ಸಿಕ್ಕಲಿಲ್ಲ. ತುಳಸೀಕಟ್ಟೆಯೂ ಒರಳುಕಲ್ಲೂ ಸಿಕ್ಕಲಿಲ್ಲ. ಇಂತಹ ಕೊರತೆಗಳನ್ನು ತುಂಬುವುದಕ್ಕಾಗಿ ಲೋಕದ ನಾನಾ ಮೂಲೆಗಳಲ್ಲಿರತಕ್ಕ ಆಟಗಾರರು ತಾವೇ ವಸ್ತುಗಳನ್ನು ರಚಿಸಿ ಹಂಚುತ್ತಾರೆ. ಇವಕ್ಕೆ ಕಸ್ಟಮ್ ಕಂಟೆಂಟ್ ಎಂದೂ, ಆಟದ ನಡವಳಿಕೆಯನ್ನೇ ಮಾರ್ಪಡಿಸುವ ಬಗೆಗೆ ಮಾಡ್ ಎಂದೂ ಹೆಸರು. ವಸ್ತುಗಳ ಫೈಲುಗಳು 'ಪ್ಯಾಕೇಜ್' ಎಂಬ ಪ್ರತ್ಯಯದಿಂದ ಕೊನೆಗೊಳ್ಳುತ್ತವೆ. ನಡವಳಿಕೆಯ ಫೈಲುಗಳು 'ಟಿಎಸ್4ಸ್ಕ್ರಿಪ್ಟ್' ಎಂಬುದರಿಂದ. ಎರಡನ್ನೂ 'ಮಾಡ್ಸ್' ಎಂಬ ಒಂದೇ ಫೋಲ್ಡರಿನಲ್ಲಿಡತಕ್ಕದ್ದು. ಆಟವನ್ನು ಮಾಡಿದವರು ಇವುಗಳಿಗೆ ಎಡೆ ಕೊಟ್ಟಿದ್ದಾರೆಯೇ ಹೊರತು ಹೊಣೆ ಹೊತ್ತಿಲ್ಲ. ನೆಂಟನನ್ನು ಕರೆದವನು ಯಜಮಾನ. ನೆಂಟನು ಗಲಾಟೆ ಮಾಡಿದರೆ ಮನೆ ಕಟ್ಟಿದ ಮೇಸ್ತ್ರಿಯನ್ನು ಕೇಳಲಾದೀತೆ?

ನಮ್ಮ ಹುಡುಗಿಯ ಫೋಲ್ಡರಿನಲ್ಲಿ ಪ್ಯಾಕೇಜುಗಳು 640, ಸ್ಕ್ರಿಪ್ಟುಗಳು 12 ಇದ್ದುವು. ಕಡೆಯದಾಗಿ ಏನು ಸೇರಿಸಿದೆ ಎಂದು ಕೇಳಿದೆವು. ಗೆಳತಿಯೊಬ್ಬಳ ಪೆನ್‌ಡ್ರೈವಿನಿಂದ ಒಂದು ರಾಶಿಯನ್ನು ತಂದು, ಹಳೆಯವುಗಳ ಜೊತೆಗೆ ಬೆರೆಸಿ, ಅಜ್ಜಿಯ ಅಲಂಕಾರವನ್ನೂ ನಡುಮನೆಯ ಸಾಮಾನನ್ನೂ ಬದಲಾಯಿಸಿ ಮನೆಯನ್ನು ಉಳಿಸಿ ಮುಚ್ಚಿದಳಂತೆ; ಅದೇ ರಾತ್ರಿ ಆಟಕ್ಕೆ ಹೊಸ ಅಪ್‌ಡೇಟೂ ಬಂದಿತಂತೆ. ಒಂದೇ ರಾತ್ರಿಯಲ್ಲಿ ಇಬ್ಬರು ಅಪರಿಚಿತರು ಒಳಹೊಕ್ಕರೆ ಕಳವಿನ ಆರೋಪವನ್ನು ಯಾರ ಮೇಲೆ ಹೊರಿಸುವುದು? ಅಪ್‌ಡೇಟು ಬಂದಾಗ ಆಟವು ಮಾಡುಗಳನ್ನೆಲ್ಲ ತಾನಾಗಿಯೇ ನಿಲ್ಲಿಸಿಬಿಡುತ್ತದೆ. ಅದು ಎಚ್ಚರಿಕೆಗಾಗಿ ಇಟ್ಟ ಏರ್ಪಾಡು. ಇವಳು, ಎಲ್ಲರೂ ಮಾಡುವಂತೆ, ಸೆಟ್ಟಿಂಗಿಗೆ ಹೋಗಿ ಮತ್ತೆ ಚಾಲೂ ಮಾಡಿದ್ದಳು.

ನಾವು ಕಂಪ್ಯೂಟರನ್ನು ಬಲ್ಲವರಲ್ಲ. ಆದರೆ ಮೂವತ್ತು ವರ್ಷ ತರ್ಕಸಂಗ್ರಹವನ್ನು ಪಾಠ ಹೇಳಿದವರು. ಕಾರಣವೊಂದು ಕಾಣದಿರುವಾಗ ಅದನ್ನು ಹಿಡಿಯುವುದಕ್ಕೆ ನಮ್ಮ ಹಿಂದಿನವರು ಅನ್ವಯ, ವ್ಯತಿರೇಕ ಎಂಬ ಎರಡು ಕೈಗಳನ್ನು ಕೊಟ್ಟಿದ್ದಾರೆ. ಯಾವುದು ಇದ್ದರೆ ಕಾರ್ಯವು ಉಂಟೋ, ಯಾವುದು ಇಲ್ಲದಿದ್ದರೆ ಕಾರ್ಯವು ಇಲ್ಲವೋ, ಅದೇ ಕಾರಣ. ಇದನ್ನು ಹೇಳಿದಾಗ ಹುಡುಗಿ, "ಹೌದು ದೊಡ್ಡಪ್ಪ, ಇದಕ್ಕೆ ಫಿಫ್ಟಿ ಫಿಫ್ಟಿ ಅಂತಾರೆ" ಎಂದಳು. ಆಟಗಾರರಲ್ಲಿ ಈ ವಿಧಾನವು ಮೊದಲೇ ಪ್ರಸಿದ್ಧವಂತೆ! ನಮಗೆ ತುಸು ಮುಖಭಂಗವಾದರೂ ಸಂತೋಷವೇ ಹೆಚ್ಚಾಯಿತು.

ಪರೀಕ್ಷೆಗೆ ಮುಂಚೆ ಒಂದು ಕೆಲಸವುಂಟು. ಇದರಲ್ಲಿ ಮಾತ್ರ ಯಾರೂ ಆತುರಪಡಲಾಗದು. ಡಾಕ್ಯುಮೆಂಟ್ಸ್ ಎಂಬಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಫೋಲ್ಡರು, ಅದರೊಳಗೆ ಸಿಮ್ಸ್ 4 ಎಂಬುದು. ಉಳಿಸಿದ ಮನೆಗಳು ಅಲ್ಲಿ 'ಸೇವ್ಸ್' ಎಂಬುದರಲ್ಲಿರುತ್ತವೆ. ಆ ಸಿಮ್ಸ್ 4 ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವಿಗೆ ಪ್ರತಿ ಮಾಡಿಸಿದೆವು. ಏತಕ್ಕೆಂದರೆ, ಫೈಲೊಂದನ್ನು ಹೊರಗಿಟ್ಟು ಮನೆಯನ್ನು ತೆರೆದರೆ, ಆಟವು ಆ ಫೈಲಿಗೆ ಸೇರಿದ ಸಾಮಾನನ್ನು ಮನೆಯಿಂದ ತೆಗೆದುಬಿಡುತ್ತದೆ; ಉಡಿಗೆಯ ಬದಲು ತನ್ನಲ್ಲಿರುವ ಯಾವುದನ್ನೋ ಉಡಿಸುತ್ತದೆ. ಉಳಿಸದೆ ಹೊರಬಂದರೆ ಚಿಂತೆಯಿಲ್ಲ. ಅದೇ ಸ್ಥಿತಿಯಲ್ಲಿ ಉಳಿಸಿದೆವೋ, ಫೈಲು ಮರಳಿ ಬಂದರೂ ಸಾಮಾನು ಮರಳದು. ಹಿಂದಿನ ಐದು ಪ್ರತಿಗಳನ್ನು ಆಟವೇ ಇಟ್ಟುಕೊಂಡಿರುತ್ತದೆಂಬುದು ನಿಜ. ಆದರೆ ಮೇಲಿಂದ ಮೇಲೆ ಉಳಿಸುತ್ತ ಹೋದರೆ ಒಳ್ಳೆಯ ಪ್ರತಿಯೂ ಹಿಂದೆ ಸರಿದು ಅಳಿಯುತ್ತದೆ.

ಮೊದಲು ಮಾಡ್ಸ್ ಫೋಲ್ಡರನ್ನು ಇಡಿಯಾಗಿ ಹೊರಗಿಟ್ಟು, ಆಟವು ಚಿಕ್ಕ ಚಿತ್ರಗಳ ನೆನಪನ್ನು ಇಟ್ಟುಕೊಳ್ಳುವ 'ಲೋಕಲ್‌ಥಂಬ್‌ಕ್ಯಾಷ್' ಎಂಬ ಫೈಲನ್ನು ಅಳಿಸಿ ತೆರೆದೆವು. ಅದನ್ನು ಅಳಿಸಿದರೆ ನಷ್ಟವಿಲ್ಲ, ಆಟವು ಹೊಸದನ್ನು ಮಾಡಿಕೊಳ್ಳುತ್ತದೆ. ಅಳಿಸದಿದ್ದರೆ ಹೋದ ಫೈಲಿನ ನೆರಳು ಅದರಲ್ಲಿ ಉಳಿದಿರುವುದುಂಟು. ಮನೆ ತೆರೆಯಿತು! ತುಳಸೀಕಟ್ಟೆಯಿದ್ದೆಡೆ ಬಯಲು. ನಡುಮನೆಯಲ್ಲಿ ನಮ್ಮ ತಾಯಿಯವರು ಗಿಡ್ಡ ಅಂಗಿಯನ್ನೂ ಪಟ್ಟೆಪಟ್ಟೆಯ ಷರಾಯಿಯನ್ನೂ ತೊಟ್ಟು ನಿಂತಿದ್ದರು. ನಗಬೇಕೋ ಕಣ್ಣು ಮುಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. "ಉಳಿಸಬೇಡ, ಹೊರಕ್ಕೆ ಬಾ" ಎಂದೆವು. ಆದರೂ ಮನೆ ಕೆಟ್ಟಿಲ್ಲ, ಆಟವೂ ಕೆಟ್ಟಿಲ್ಲ, ದೋಷವು ಹೊರಗಿನಿಂದ ಬಂದವರಲ್ಲಿಯೇ ಇದೆ ಎಂಬುದು ಸಿದ್ಧವಾಯಿತು.

ಬಳಿಕ ಸ್ಕ್ರಿಪ್ಟುಗಳು. ಅಪ್‌ಡೇಟಿನ ತರುವಾಯ ಸಾಮಾನ್ಯವಾಗಿ ಮೊದಲು ಸಂಶಯಕ್ಕೆ ಗುರಿಯಾಗತಕ್ಕವು ಇವೇ. ಆಟದ ಒಳಗಣ ಬರಹವು ಬದಲಾದಾಗ ಹಳೆಯ ಸ್ಕ್ರಿಪ್ಟು ಇಲ್ಲದ ಬಾಗಿಲನ್ನು ತಟ್ಟುತ್ತಿರುತ್ತದೆ. 12ನ್ನೂ ಒಂಟಿಯಾಗಿ ಹಾಕಿ ತೆರೆದಾಗ ಮನೆ ಕುಸಿಯಲಿಲ್ಲ. ಆದ್ದರಿಂದ ಅವನ್ನು ಬದಿಗಿರಿಸಿದೆವು.

ಉಳಿದುವು 640. ಒಂದೊಂದನ್ನೇ ನೋಡುವುದಾದರೆ, ಸಲಕ್ಕೆ ನಾಲ್ಕು ನಿಮಿಷದಂತೆ, ನಲವತ್ತೆರಡು ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ಅರ್ಧರ್ಧ ಮಾಡಿದರೆ 320, 160, 80 ಎಂದು ಇಳಿದು ಹತ್ತು ಸುತ್ತುಗಳಲ್ಲಿ ಒಂದಕ್ಕೆ ಬಂದು ನಿಲ್ಲುತ್ತದೆ. ಹುಡುಗಿ, ಒಂದರ್ಧ ನಿರ್ದೋಷವೆಂದು ಕಂಡ ಮೇಲೆ ಇನ್ನೊಂದನ್ನು ನೋಡುವುದೇಕೆ, ದೋಷ ಅದರಲ್ಲೇ ಇದೆಯಷ್ಟೆ, ಎಂದು ವಾದಿಸಿದಳು. ದೋಷಿ ಒಬ್ಬನೇ ಎಂದು ನಿನಗೆ ಯಾರು ಹೇಳಿದರು ಎಂದೆವು. ಇಬ್ಬರಿದ್ದರೆ ಎರಡರ್ಧಗಳೂ ಕುಸಿಯುತ್ತವೆ. ಒಟ್ಟಿಗಿದ್ದಾಗ ಮಾತ್ರ ಜಗಳವಾಡುವ ಇಬ್ಬರಾದರೆ, ಬೇರೆಬೇರೆ ಅರ್ಧಗಳಿಗೆ ಬಿದ್ದಾಗ ಎರಡೂ ನಿರ್ದೋಷವಾಗಿ ತೋರುತ್ತವೆ. ಆದಕಾರಣ ಎರಡು ಪಕ್ಕವನ್ನೂ ನೋಡತಕ್ಕದ್ದು.

ಮೂರು ಸುತ್ತುಗಳು ಸರಾಗವಾಗಿ ಕಳೆದು 80ಕ್ಕೆ ಬಂದೆವು. ನಾಲ್ಕನೆಯ ಸುತ್ತಿನಲ್ಲಿ ಎರಡು ನಲವತ್ತುಗಳೂ ನಿರ್ದೋಷವೆನಿಸಿದುವು! ಹುಡುಗಿ ನಮ್ಮ ಮುಖವನ್ನು ನೋಡಿದಳು. ಜಗಳಗಂಟ ಜೋಡಿ ಸಿಕ್ಕಿತೆಂದು ನಾವು ಒಳಗೊಳಗೇ ಹಿಗ್ಗಿ, ಅದಕ್ಕೆ ತಕ್ಕ ಉಪಾಯವನ್ನೂ ಹೇಳತೊಡಗಿದೆವು. ಹೇಳುತ್ತಿರುವಾಗ ಫೋಲ್ಡರುಗಳ ಹೆಸರಿನ ಮೇಲೆ ದೃಷ್ಟಿ ಬಿತ್ತು. ಅಚ್ಚುಕಟ್ಟಿಗೆ ಹೆಸರಾದ ಹುಡುಗಿಯು 'ಪರೀಕ್ಷೆ', ಅದರೊಳಗೆ 'ನಾಲ್ಕನೆಯ ಸುತ್ತು', ಅದರೊಳಗೆ 'ಮೊದಲರ್ಧ', ಅದರೊಳಗೆ ತನ್ನ ಹಳೆಯ ವಿಂಗಡಣೆಯಂತೆ 'ಅಲಂಕಾರ', 'ಹೆಂಗಸರು', 'ತಲೆಗೂದಲು' ಎಂದು ಆರು ಅಂಕಣದ ಮನೆಯನ್ನೇ ಕಟ್ಟಿದ್ದಳು. ಆಟವು ಪ್ಯಾಕೇಜುಗಳನ್ನು ಐದು ಫೋಲ್ಡರುಗಳ ಆಳದವರೆಗೆ ಮಾತ್ರ ಓದುತ್ತದೆ; ಸ್ಕ್ರಿಪ್ಟನ್ನಂತೂ ಒಂದೇ ಆಳದವರೆಗೆ. ಆರನೆಯ ಕೋಣೆಯಲ್ಲಿ ಕುಳಿತವರನ್ನು ಅದು ಕಂಡೇ ಇರಲಿಲ್ಲ. ನ್ಯಾಯಾಲಯಕ್ಕೇ ಬಾರದ ಆರೋಪಿಯನ್ನು ನಾವು ಖುಲಾಸೆ ಮಾಡಿದ್ದೆವು. ಎಲ್ಲರನ್ನೂ ಹೊರಗೆಳೆದು ಹಜಾರದಲ್ಲಿ ಕೂರಿಸಿ ಮತ್ತೆ ನೋಡಲು, ಮೊದಲರ್ಧವು ಕುಸಿಯಿತು.

(ಇಲ್ಲಿ ಇನ್ನೊಂದು ಮಾತು. ಆಟ ಬೇಗ ತೆರೆಯಲೆಂದು ಕೆಲವರು ನೂರಾರು ಪ್ಯಾಕೇಜುಗಳನ್ನು ಒಂದೇ ಫೈಲಾಗಿ ಬೆಸೆದಿಡುತ್ತಾರೆ. ಅವಿಭಕ್ತ ಕುಟುಂಬದಂತೆ ಅದರ ಅನುಕೂಲವೂ ಉಂಟು. ಆದರೆ ಒಳಗೆ ಕೆಟ್ಟವನು ಯಾರೆಂದು ಹೊರಗಿನವರಿಗೆ ತಿಳಿಯದು. ಸಿಮ್ಸ್ 4 ಸ್ಟುಡಿಯೋ ಎಂಬ ಸಾಧನದಿಂದ ಅದನ್ನು ಮೊದಲು ಭಾಗ ಮಾಡಿಕೊಂಡು ಬಳಿಕ ಪರೀಕ್ಷಿಸಬೇಕು.)

ರಾತ್ರಿ ಹನ್ನೆರಡು ದಾಟಿತು. ಮನೆಯವರು ಎರಡು ಸಲ ಕಾಫಿ ಕೊಟ್ಟು, ಮೂರನೆಯ ಸಲ ದೀಪ ಆರಿಸುವೆನೆಂದು ಹೆದರಿಸಿ ಹೋಗಿದ್ದರು. 40, 20, 10, 5, ಬಳಿಕ 3, ಬಳಿಕ ಎರಡು. ಆ ಎರಡರ ಹೆಸರುಗಳನ್ನು ಓದಿ ಹುಡುಗಿ ಸುಮ್ಮನಾದಳು. ಒಂದು ಮಲ್ಲಿಗೆಯ ದಂಡೆ ಮುಡಿದ ತುರುಬು. ಇನ್ನೊಂದು ಅಜ್ಜಿಯ ಸೀರೆ. ಆ ಸೀರೆಯನ್ನು ಯಾರೋ ಪರದೇಶದಲ್ಲಿರುವವರು ನೇಯ್ದು ಹಂಚಿದ್ದು. ಹುಡುಗಿ ಅದರ ಬಣ್ಣವನ್ನು ನಮ್ಮ ತಾಯಿಯವರ ಹಳದಿ ಅಂಚಿನ ಕಂದು ಸೀರೆಗೆ ಹೊಂದುವಂತೆ ತಾನೇ ಕೂತು ತಿದ್ದಿದ್ದಳು. "ಸೀರೇದೇ ಆದರೆ ತೆಗೆದುಹಾಕ್ಬೇಕಾ ದೊಡ್ಡಪ್ಪ?" ಎಂದಳು. ನೋಡೋಣ ಕಣಮ್ಮ, ಎಂದೆವು.

ಸೀರೆಯೊಂದನ್ನೇ ಇಟ್ಟು ತೆರೆದಳು. ಚಕ್ರ ತಿರುಗಿತು, ತಿರುಗಿತು, ಮನೆ ತೆರೆಯಿತು. ತುರುಬೊಂದನ್ನೇ ಇಟ್ಟು ತೆರೆದಳು, ಕುಸಿಯಿತು. ಇನ್ನೊಮ್ಮೆ ಮಾಡಿ ನೋಡಿದರೂ ಹಾಗೆಯೇ.

ಮರುದಿನ ಗೆಳತಿಯನ್ನು ವಿಚಾರಿಸಿದಾಗ ಮರ್ಮವು ತಿಳಿಯಿತು. ಆ ತುರುಬು 2009ರಲ್ಲಿ ಬಂದ ಮೂರನೆಯ ಸಿಮ್ಸ್ ಆಟಕ್ಕೆಂದು ಮಾಡಿದ್ದು. ಎರಡನೆಯ, ಮೂರನೆಯ, ನಾಲ್ಕನೆಯ ಆಟಗಳ ಫೈಲುಗಳೆಲ್ಲಕ್ಕೂ 'ಪ್ಯಾಕೇಜ್' ಎಂಬ ಪ್ರತ್ಯಯವು ಒಂದೇ. ಒಳಗಣ ರಚನೆ ಮಾತ್ರ ಬೇರೆ. ನಮ್ಮ ಮೀಮಾಂಸಕರೂ ಆಲಂಕಾರಿಕರೂ ಹೇಳುವ ಸೈಂಧವದ ದೃಷ್ಟಾಂತ ನೆನಪಿಗೆ ಬಂತು. 'ಸೈಂಧವವನ್ನು ತಾ' ಎಂದರೆ, ಊಟಕ್ಕೆ ಕುಳಿತವನಿಗೆ ಉಪ್ಪನ್ನು ತರಬೇಕು, ಪ್ರಯಾಣಕ್ಕೆ ಹೊರಟವನಿಗೆ ಕುದುರೆಯನ್ನು ತರಬೇಕು, ಶಬ್ದವೊಂದೇ. ಪಾಪ, ಆಟವು ಉಪ್ಪನ್ನು ಕೇಳಿತ್ತು, ನಾವು ಎಲೆಯ ಮುಂದೆ ಕುದುರೆಯನ್ನು ನಿಲ್ಲಿಸಿದ್ದೆವು. ಅಪ್‌ಡೇಟಿನದು ತಪ್ಪೇನೂ ಇರಲಿಲ್ಲ.

ತುರುಬಿನ ಫೈಲನ್ನು ಅಳಿಸಿ, ಉಳಿದ 639ನ್ನೂ 12 ಸ್ಕ್ರಿಪ್ಟುಗಳನ್ನೂ ಮೊದಲಿದ್ದೆಡೆಯಲ್ಲಿರಿಸಿ, ಪೆನ್‌ಡ್ರೈವಿನಲ್ಲಿದ್ದ ಪ್ರತಿಯಿಂದ ಮನೆಯನ್ನು ತೆರೆದಳು. ತುಳಸೀಕಟ್ಟೆ ಬಂತು, ಒರಳು ಬಂತು. ತಾಯಿಯವರು ಕಂದು ಸೀರೆಯಲ್ಲಿ ತೊಟ್ಟಿಯ ಬಳಿ ನಿಂತಿದ್ದರು. ತಲೆಗೆ ಮಾತ್ರ ಆಟವು ತನಗೆ ತೋಚಿದ ಕೂದಲನ್ನು ಹಚ್ಚಿತ್ತು. ಹುಡುಗಿ ಆಟದಲ್ಲೇ ಇರುವ ಒಂದು ಸಾದಾ ಗಂಟನ್ನು ಆರಿಸಿ ಹಾಕಿದಳು. ನಿಜವಾಗಿ ನೋಡಿದರೆ ತಾಯಿಯವರು ದಿನವೂ ಹಾಕಿಕೊಳ್ಳುತ್ತಿದ್ದುದು ಹಾಗೆಯೇ. ಮಲ್ಲಿಗೆಯ ದಂಡೆ ಹಬ್ಬಕ್ಕೆ ಮಾತ್ರ. ಹೊಸ ಹೆಸರಿನಿಂದ ಮನೆಯನ್ನು ಉಳಿಸಿದಳು.

ಅದುವರೆಗೆ ಮನೆಯನ್ನು ನಾವು ಸಾವಕಾಶವಾಗಿ ನೋಡಿರಲಿಲ್ಲ. ಈಗ ಕನ್ನಡಕ ಒರಸಿಕೊಂಡು ನೋಡಿದರೆ ದೇವರ ಮನೆಯ ಬಾಗಿಲು ಅಡಿಗೆಮನೆಯ ಕಡೆಗಿದೆ! ತೊಟ್ಟಿಯ ಕಡೆಗಿತ್ತು ಎಂದೆವು. "ಇಲ್ಲ ದೊಡ್ಡಪ್ಪ, ಅಜ್ಜಿ ಅಡಿಗೆಮನೆಯಿಂದಲೇ ನೈವೇದ್ಯ ತಗೊಂಡು ಒಳಗೆ ಹೋಗ್ತಿದ್ರು, ನಂಗೆ ಚೆನ್ನಾಗಿ ನೆನಪಿದೆ" ಎಂದಳು. ನಮ್ಮ ತಮ್ಮನಿಗೆ ಫೋನು ಮಾಡಿದೆವು. ಅವನು ಸ್ವಲ್ಪ ಯೋಚಿಸಿ, ಬಾಗಿಲುಗಳು ಎರಡಿದ್ದುವು, ತೊಟ್ಟಿಯ ಕಡೆಯದಕ್ಕೆ ಆಮೇಲೆ ಅಡ್ಡವಾಗಿ ಬೀರು ಇಟ್ಟರು, ನೀವು ಆಗ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದಿರಿ, ಎಂದನು.

ಹುಡುಗಿ ಎರಡು ಬಾಗಿಲುಗಳನ್ನೂ ಇಟ್ಟಿದ್ದಾಳೆ. ಬೀರುವನ್ನು ಇನ್ನೂ ಇಟ್ಟಿಲ್ಲ.